ಒಂದೇ ಮಾದರಿಯ ಎರಡು ರೈಫಲ್: ಇದರ ಭಾಗ ಅದಕ್ಕೆ ಯಾಕೆ ಕೂರಲ್ಲ?

ಬಿಡಿಭಾಗ_ಪ್ರಿಯ

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ತಲೆ ಕೊರೆಯುತ್ತಿರುವ ಪ್ರಶ್ನೆ ಇದು. ಯಾವ ಭಾಗವನ್ನಾದರೂ ಯಾವ ಯಂತ್ರಕ್ಕಾದರೂ ಹಾಕಬಹುದು ಎನ್ನುವ ವಿದ್ಯೆ ಬಂದೂಕು ಕಾರ್ಖಾನೆಗಳಲ್ಲೇ ಬೆಳೆಯಿತು, ಆಮೇಲೆ ಹೊಲಿಗೆ ಯಂತ್ರ, ಸೈಕಲ್, ಕಾರಿಗೆ ಹೋಯಿತು ಅಂತ ಎಲ್ಲ ಕಡೆ ಓದುತ್ತೇವೆ. ಆದರೆ ಹಳೇ ಬ್ರಿಟಿಷ್ ರೈಫಲ್ ಲೀ-ಎನ್‌ಫೀಲ್ಡ್ .303 ಒಂದನ್ನು ನೋಡಿ. ರಿಸೀವರ್ (ನಡುವಿನ ಮುಖ್ಯ ಚೌಕಟ್ಟು) ಮೇಲಿರುವ ನಂಬರೇ ಬೋಲ್ಟ್ (ತೋಟಾದ ಹಿಂದೆ ಮುಚ್ಚುವ ಸರಳು) ಮೇಲೂ ಇರುತ್ತದೆ. ಹಳೇ ಮೌಸರ್‌ಗಳಲ್ಲಂತೂ ಸಣ್ಣಪುಟ್ಟ ಭಾಗಕ್ಕೂ ನಂಬರ್. ಎಲ್ಲ ಭಾಗ ಅದಲುಬದಲಾಗುವುದಾದರೆ ಈ ನಂಬರ್ ಯಾಕೆ ಬೇಕಿತ್ತು? ಒಂದೇ ಮಾದರಿ, ಒಂದೇ ಡ್ರಾಯಿಂಗ್, ಆದರೂ ಒಂದು ಕಾರ್ಖಾನೆಯ ಭಾಗ ಇನ್ನೊಂದರಲ್ಲಿ ಯಾಕೆ ಸಿಕ್ಕಿಹಾಕಿಕೊಳ್ಳುತ್ತದೆ? ತಿಳಿದವರು ಬಿಡಿಸಿ ಹೇಳಿ.

ಹಳೇಫಿಟ್ಟರ್

ಒಳ್ಳೆ ಪ್ರಶ್ನೆ. "ಒಂದೇ ಡ್ರಾಯಿಂಗ್" ಅಂದಿರಲ್ಲ, ಮೊದಲು ಅದನ್ನೇ ನೋಡೋಣ.

ಒಂದು ತೂತು 10 ಮಿ.ಮೀ. ಇರಬೇಕು ಅಂತ ಬರೆದರೆ, ಕೂದಲೆಳೆಯೂ ವ್ಯತ್ಯಾಸವಿಲ್ಲದ 10 ಮಿ.ಮೀ. ತೂತು ಕೊರೆಯಲು ಯಾರಿಂದಲೂ ಆಗುವುದಿಲ್ಲ. ಹಾಗಾಗಿ 10.00 ರಿಂದ 10.05 ರ ಒಳಗೆ ಎಲ್ಲಿದ್ದರೂ ಸೈ ಅಂತ ಬರೆಯುತ್ತಾರೆ. ಅದರೊಳಗೆ ಹೋಗುವ ಪಿನ್ನು 9.95 ರಿಂದ 9.98 ಇರಲಿ. ಅತಿ ದಪ್ಪ ಪಿನ್ನು ಅತಿ ಚಿಕ್ಕ ತೂತಿಗೆ ಹೋದರೆ 0.02 ಆಟ, ಅಂದರೆ ಸಡಿಲ, ಉಳಿಯುತ್ತದೆ. ಅತಿ ಸಣ್ಣ ಪಿನ್ನು ಅತಿ ದೊಡ್ಡ ತೂತಿಗೆ ಬಿದ್ದರೆ 0.10 ಆಟ. ಈ ಎರಡು ತುದಿಗಳಲ್ಲೂ ಯಂತ್ರ ಸರಿಯಾಗಿ ನಡೆದರೆ ಮಾತ್ರ ಅದನ್ನು ಅದಲುಬದಲು ಅನ್ನಬಹುದು. ನಡುವೆ ಎಲ್ಲೋ ಒಂದು ಜೋಡಿ ಚೆನ್ನಾಗಿ ಕೂತಿತು ಅಂದ ಮಾತ್ರಕ್ಕೆ ಆಗಲಿಲ್ಲ.

ಹಳೇ ಬಂದೂಕು ಕೆಲಸಗಾರ ಹೀಗೆ ಮಾಡುತ್ತಿರಲಿಲ್ಲ. ಒಂದು ಭಾಗ ಮಾಡಿ, ಅದಕ್ಕೆ ಕೂರುವ ಹಾಗೆ ಎರಡನೆಯದಕ್ಕೆ ಅರ ಹಾಕುತ್ತಿದ್ದ. ಎರಡನೆಯದಕ್ಕೆ ಹೊಂದುವ ಹಾಗೆ ಮೂರನೆಯದು. ಕೊನೆಗೆ ಇಡೀ ಬಂದೂಕು ಬೆಣ್ಣೆಯಂತೆ ನಡೆಯುತ್ತಿತ್ತು, ಆದರೆ ಆ ಭಾಗಗಳಿಗೆ ಬೇರೆ ಮನೆ ಇರಲಿಲ್ಲ. ಅದಲುಬದಲು ಮಾಡಲು ಹೊರಟವರು ಅರವನ್ನು ಬಿಡಲಿಲ್ಲ. ಅದೇ ಅರ, ಅದೇ ಕೈ. ಆದರೆ ಭಾಗವನ್ನು ಇನ್ನೊಂದು ಭಾಗಕ್ಕೆ ಕೂರಿಸುವ ಬದಲು ಗೇಜ್‌ಗೆ, ಅಂದರೆ ಅಳತೆ ಸರಿಯಿದೆಯೇ ಅಂತ ನೋಡುವ ಅಚ್ಚಿಗೆ, ಕೂರಿಸಿದರು. ನನ್ನ ಪ್ರಕಾರ ಇಡೀ ವಿಷಯದ ಗಂಟು ಇಲ್ಲೇ ಇದೆ. ಮಿಷಿನ್ನು ಎಷ್ಟು ಒಳ್ಳೆಯದು ಅನ್ನುವುದು ಎರಡನೇ ಮಾತು. ಯಾವುದರ ಎದುರು ಅಳೆದಿರಿ ಅನ್ನುವುದು ಮೊದಲನೇ ಮಾತು.

ಓದುಗ_07

ಇದನ್ನು ಮೊದಲು ಮಾಡಿದ್ದು ಅಮೆರಿಕದ ಈಲೈ ವಿಟ್ನಿ ಅಲ್ವಾ? ಹತ್ತಿ ಬಿಡಿಸುವ ಯಂತ್ರದವನು.

ಚರಿತ್ರೆಯ_ಹಾದಿ

ವಿಟ್ನಿ ಹೆಸರು ಜಾಸ್ತಿ ಕೇಳಿಬರುತ್ತದೆ, ಆದರೆ ಅವನಿಗಿಂತ ಮೊದಲೇ ಫ್ರಾನ್ಸ್‌ನಲ್ಲಿ ಒನೊರೆ ಬ್ಲಾಂಕ್ ಎಂಬ ಬಂದೂಕು ತಯಾರಕ ಇದ್ದ. ಅಲ್ಲಿನ ಸೇನೆಯಲ್ಲಿ ಗ್ರಿಬೊವಾಲ್ ಎಂಬ ಅಧಿಕಾರಿ 1765 ರಿಂದಲೇ ಫಿರಂಗಿಗಳ ಅಳತೆಗಳನ್ನು ಒಂದು ಕ್ರಮಕ್ಕೆ ತಂದಿದ್ದ. ಬ್ಲಾಂಕ್ ಅದೇ ಯೋಚನೆಯನ್ನು ಬಂದೂಕಿಗೆ ತಂದ. 1785 ರಲ್ಲಿ ಥಾಮಸ್ ಜೆಫರ್ಸನ್ ಪ್ಯಾರಿಸ್‌ನಲ್ಲಿದ್ದಾಗ ಬ್ಲಾಂಕ್‌ನ ಕಾರ್ಯಾಗಾರಕ್ಕೆ ಹೋದರು. 50 ಲಾಕ್‌ಗಳನ್ನು, ಅಂದರೆ ಕಿಡಿ ಹೊಡೆಯುವ ಯಂತ್ರದ ಭಾಗವನ್ನು, ಪೂರ್ತಿ ಬಿಚ್ಚಿ ಖಾನೆ ಖಾನೆಯಲ್ಲಿ ಹಾಕಿಟ್ಟಿದ್ದರು. ಜೆಫರ್ಸನ್ ಕೈಗೆ ಸಿಕ್ಕ ತುಂಡುಗಳನ್ನು ಎತ್ತಿಕೊಂಡು ತಾವೇ ಕೆಲವನ್ನು ಜೋಡಿಸಿ ನೋಡಿದರು. ಎಲ್ಲ ಸರಿಯಾಗಿ ಕೂತವು. ಈ ವಿಷಯವನ್ನು ಅವರು ಜಾನ್ ಜೇ ಅವರಿಗೆ ಪತ್ರದಲ್ಲಿ ಬರೆದಿದ್ದಾರೆ. ಗಮನಿಸಿ, ಆಗ ಅದಲುಬದಲಾಗಿದ್ದು ಲಾಕ್ ಮಾತ್ರ, ಇಡೀ ಬಂದೂಕಲ್ಲ.

ವಿಟ್ನಿಗೆ 1798 ರಲ್ಲಿ 10,000 ಮಸ್ಕೆಟ್‌ಗಳ (ಉದ್ದ ನಳಿಗೆಯ ಹಳೇ ಬಂದೂಕುಗಳ) ಗುತ್ತಿಗೆ ಸಿಕ್ಕಿತು. ಎರಡು ವರ್ಷದ ಮಾತು ಕೊಟ್ಟಿದ್ದ, ಕೊನೆಯ ಕಂತು ಮುಟ್ಟಿದ್ದು 1809 ರಲ್ಲಿ. ನಡುವೆ 1801 ರಲ್ಲಿ ವಾಷಿಂಗ್ಟನ್‌ನಲ್ಲಿ ದೊಡ್ಡವರ ಮುಂದೆ ಲಾಕ್‌ಗಳನ್ನು ಅದಲುಬದಲು ಮಾಡಿ ತೋರಿಸಿದ. ಆದರೆ 20ನೇ ಶತಮಾನದಲ್ಲಿ ಇತಿಹಾಸಕಾರರು ವಿಟ್ನಿ ಕಾರ್ಖಾನೆಯ ಮಸ್ಕೆಟ್‌ಗಳನ್ನೇ ಬಿಚ್ಚಿ ನೋಡಿದರು. ಒಂದರ ಭಾಗ ಇನ್ನೊಂದಕ್ಕೆ ಹೋಗಲಿಲ್ಲ. ರಾಬರ್ಟ್ ವುಡ್‌ಬರಿ 1960 ರಲ್ಲಿ ಇದನ್ನು ಬರೆದ ಮೇಲೆ ವಿಟ್ನಿಯೇ ಮೊದಲಿಗ ಎನ್ನುವ ಮಾತಿಗೆ ಬಲ ಉಳಿಯಲಿಲ್ಲ.

ನಿಜವಾಗಿ ಸಾಧಿಸಿದವರ ಹೆಸರು ಅಷ್ಟು ಪ್ರಸಿದ್ಧವಲ್ಲ. ಸಿಮಿಯನ್ ನಾರ್ತ್ ಮತ್ತು ಜಾನ್ ಹಾಲ್. ನಾರ್ತ್ 1813 ರಲ್ಲಿ 20,000 ಪಿಸ್ತೂಲುಗಳಿಗೆ ಸಹಿ ಹಾಕಿದ ಕರಾರಿನಲ್ಲೇ, ಯಾವ ಪಿಸ್ತೂಲಿನ ಯಾವ ಭಾಗವೂ ಆ 20,000 ದಲ್ಲಿ ಯಾವುದಕ್ಕಾದರೂ ಕೂರಬೇಕು ಎಂಬ ಷರತ್ತಿತ್ತು. ಹಾಲ್ 1819 ರಿಂದ ಹಾರ್ಪರ್ಸ್ ಫೆರಿಯಲ್ಲಿ ಹಿಂಬದಿಯಿಂದ ತುಂಬುವ ರೈಫಲ್ ಮಾಡತೊಡಗಿದ. ಕೆಲವೇ ವರ್ಷದಲ್ಲಿ ಸರ್ಕಾರದ ತನಿಖೆಯವರು ಬಂದು ಅವನ ರೈಫಲ್‌ಗಳನ್ನು ಬಿಚ್ಚಿ, ಬೆರೆಸಿ, ಮತ್ತೆ ಜೋಡಿಸಿ ಒಪ್ಪಿಕೊಂಡರು. ಇದಕ್ಕಿಂತ ದೊಡ್ಡದು 1834 ರಲ್ಲಿ ಆಯಿತು. ಕನೆಕ್ಟಿಕಟ್‌ನಲ್ಲಿ ನಾರ್ತ್ ಮಾಡಿದ ಹಾಲ್ ರೈಫಲ್‌ಗಳ ಭಾಗಗಳು ಹಾರ್ಪರ್ಸ್ ಫೆರಿಯಲ್ಲಿ ಮಾಡಿದವಕ್ಕೆ ಕೂತವು. ನೂರಾರು ಮೈಲಿ ದೂರದ ಎರಡು ಕಾರ್ಖಾನೆ, ಬೇರೆ ಬೇರೆ ಕೆಲಸಗಾರರು. ಬಿಡಿಭಾಗ_ಪ್ರಿಯ ಅವರು ಕೇಳಿದ ಪ್ರಶ್ನೆಗೆ ಮೊದಲ ಉತ್ತರ ಸಿಕ್ಕಿದ್ದು ಅಲ್ಲೇ.

ನಿರ್ವಾಹಕ

ಚರ್ಚೆ ಚೆನ್ನಾಗಿ ಸಾಗುತ್ತಿದೆ. ಒಂದೇ ಮಾತು: ಇತಿಹಾಸ, ಅಳತೆ, ವಿನ್ಯಾಸ ಎಲ್ಲ ಮಾತಾಡೋಣ. ಕಾನೂನಿನ ಹೊರಗೆ ಬಂದೂಕು ಜೋಡಿಸುವ ವಿಚಾರ ಇಲ್ಲಿ ಬೇಡ. ಮುಂದುವರಿಸಿ.

ಮೈಕ್ರಾನ್

ಹಾಲ್ ಬಗ್ಗೆ ಇನ್ನೂ ಹೇಳಲೇಬೇಕು. ಅವನಷ್ಟು ಚೆನ್ನಾಗಿ ಈ ವಿಷಯ ಅರ್ಥ ಮಾಡಿಕೊಂಡವರು ಆ ಕಾಲದಲ್ಲಿ ಕಡಿಮೆ. ಅವನ ಕೆಲಸದಲ್ಲಿ "ಆಧಾರ ಬಿಂದು" ಎಂಬ ಪದ್ಧತಿ ಇತ್ತು. ಒಂದು ಭಾಗದಲ್ಲಿ ಹತ್ತು ಕಡೆ ಕೆಲಸ ಮಾಡಬೇಕು ಅಂದುಕೊಳ್ಳಿ. ಮೊದಲ ತೂತು ಕೊರೆದು, ಅದರಿಂದ ಅಳೆದು ಎರಡನೆಯದು, ಎರಡನೆಯದರಿಂದ ಅಳೆದು ಮೂರನೆಯದು ಅಂತ ಹೋದರೆ ಪ್ರತಿ ಹೆಜ್ಜೆಯ ತಪ್ಪು ಮುಂದಿನದಕ್ಕೆ ಸೇರುತ್ತಾ ಹೋಗುತ್ತದೆ. ಹಾಲ್ ಇದನ್ನು ನಿಲ್ಲಿಸಿದ. ಭಾಗದ ಮೇಲೆ ಒಂದೇ ಒಂದು ಜಾಗ ಆರಿಸಿ, ಪ್ರತಿ ಕೆಲಸಕ್ಕೂ ಭಾಗವನ್ನು ಅದೇ ಜಾಗ ತಾಗುವ ಹಾಗೆ ಫಿಕ್ಸ್ಚರ್‌ನಲ್ಲಿ (ಭಾಗವನ್ನು ಅಲುಗದಂತೆ ಹಿಡಿಯುವ ಚೌಕಟ್ಟಿನಲ್ಲಿ) ಕೂರಿಸಿದ. ಎಲ್ಲ ಅಳತೆಯೂ ಅಲ್ಲಿಂದಲೇ.

ಲೆಕ್ಕ ಹಾಕಿ ನೋಡೋಣ. ಸಾಲಾಗಿ ಐದು ಅಳತೆ, ಪ್ರತಿಯೊಂದರಲ್ಲೂ 0.05 ಮಿ.ಮೀ. ಹೆಚ್ಚು ಕಡಿಮೆ ಇರಬಹುದು. ಒಂದರ ಬೆನ್ನಿಗೆ ಇನ್ನೊಂದು ಅಳೆದರೆ ಕೊನೆಯ ತೂತು 0.25 ಮಿ.ಮೀ. ವರೆಗೆ ಆಚೀಚೆ ಹೋಗಬಹುದು. ಒಂದೇ ಆಧಾರದಿಂದ ಅಳೆದರೆ ಕೊನೆಯದೂ 0.05 ರಲ್ಲೇ ನಿಲ್ಲುತ್ತದೆ. ಅದೇ ಮಿಷಿನ್ನು, ಅದೇ ಕೆಲಸಗಾರ, ಐದು ಪಟ್ಟು ವ್ಯತ್ಯಾಸ. ಟ್ರಿಗರ್, ಸಿಯರ್ (ಹ್ಯಾಮರ್ ಅನ್ನು ಹಿಡಿದಿಟ್ಟು ಬಿಡುವ ಕೊಕ್ಕೆ), ಹ್ಯಾಮರ್ ಪಿನ್ನುಗಳ ನಡುವೆ 0.25 ಮಿ.ಮೀ. ಅಂದರೆ ಸಣ್ಣ ವಿಷಯವಲ್ಲ. ಸಿಯರ್ ಹ್ಯಾಮರ್ ಅನ್ನು ಹಿಡಿಯುವ ಜಾಗವೇ ಅರ್ಧ ಮಿ.ಮೀ. ಆಸುಪಾಸು ಇರುವ ವಿನ್ಯಾಸಗಳಿವೆ. ಅಲ್ಲಿ ಕಾಲು ಮಿ.ಮೀ. ಹೋದರೆ ಹಿಡಿತವೇ ಸಾಲದು.

ಎಲ್ಲ ತಪ್ಪೂ ಒಂದೇ ದಿಕ್ಕಿಗೆ ಬರುವುದಿಲ್ಲ, ನಿಜ. ಲೆಕ್ಕದ ಪ್ರಕಾರ ಐದರ ಒಟ್ಟು ಸಾಮಾನ್ಯವಾಗಿ 0.11 ಆಸುಪಾಸು ಇರುತ್ತದೆ. ಕಾರಿನ ಬಾಗಿಲಿಗೆ ಆ ಲೆಕ್ಕ ನಡೆಯುತ್ತದೆ. ಒತ್ತಡ ತಡೆಯಬೇಕಾದ ಜಾಗದಲ್ಲಿ, ಸುರಕ್ಷತೆಯ ಜಾಗದಲ್ಲಿ ನಾನಂತೂ ಕೆಟ್ಟ ಲೆಕ್ಕವನ್ನೇ ಹಿಡಿಯುತ್ತೇನೆ.

ಸಿಎನ್‌ಸಿ_ಹುಡುಗ

ಇದೆಲ್ಲ ಅರ, ಉಳಿ ಕಾಲದ ಸಮಸ್ಯೆ ಅನ್ಸುತ್ತೆ ಸರ್. ಈಗ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮಿಷಿನ್ನು ಕೆಲವೇ ಮೈಕ್ರಾನ್ ಒಳಗೆ ಕೆಲಸ ಮಾಡುತ್ತದೆ. ಫೈಲ್ ಒಂದೇ ಆದರೆ ಭಾಗವೂ ಒಂದೇ. ಹೊಂದಾಣಿಕೆ ಅನ್ನುವುದು ಈಗ ಪ್ರಶ್ನೆಯೇ ಅಲ್ಲ ಅಲ್ವಾ?

ಮೈಕ್ರಾನ್

ಮಿಷಿನ್ನು ನಿಖರವಾದಷ್ಟೂ ತಪ್ಪನ್ನೂ ಅಷ್ಟೇ ನಿಖರವಾಗಿ ಮತ್ತೆ ಮತ್ತೆ ಮಾಡುತ್ತದೆ. ನೀವು ಭಾಗವನ್ನು ವೈಸ್‌ನಲ್ಲಿ ತಿರುಗಿಸಿ ಎರಡನೇ ಸಲ ಕಟ್ಟುವಾಗ ಯಾವ ಮುಖವನ್ನು ಆಧಾರ ಅಂತ ಹಿಡಿದಿರಿ? ಇನ್ನೊಂದು ಕಂಪನಿಯವರು ಬೇರೆ ಮುಖ ಹಿಡಿದಿದ್ದರೆ ಇಬ್ಬರ ಫೈಲೂ ಒಂದೇ, ಭಾಗ ಬೇರೆ. ಆಮೇಲೆ ಹೀಟ್ ಟ್ರೀಟ್‌ಮೆಂಟ್. ಗಟ್ಟಿ ಮಾಡಿದಾಗ ಉಕ್ಕು ಸ್ವಲ್ಪ ತಿರುಚುತ್ತದೆ, ಗಾತ್ರವೂ ಬದಲಾಗುತ್ತದೆ. ಆಮೇಲೆ ಲೇಪನ. ಲೇಪನಕ್ಕೂ ದಪ್ಪ ಇದೆ. ಡ್ರಾಯಿಂಗ್‌ನಲ್ಲಿರುವ ಅಳತೆ ಲೇಪನಕ್ಕೆ ಮುಂಚಿನದೋ ನಂತರದ್ದೋ ಅಂತ ಬರೆದಿರದಿದ್ದರೆ ಅಲ್ಲೇ ಜಗಳ ಶುರು.

ಬಿಸಿಲೂ ಲೆಕ್ಕಕ್ಕೆ ಬರುತ್ತದೆ. 100 ಮಿ.ಮೀ. ಉಕ್ಕು 10 ಡಿಗ್ರಿ ಬಿಸಿಯಾದರೆ ಸುಮಾರು 0.0115 ಮಿ.ಮೀ. ಬೆಳೆಯುತ್ತದೆ. ಅದಕ್ಕೇ ಜಗತ್ತಿನ ಅಳತೆ ಕೋಣೆಗಳೆಲ್ಲ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆಯುತ್ತವೆ.

ಹಳೇಫಿಟ್ಟರ್

ಗಟ್ಟಿ ಮಾಡುವ ಮಾತು ಬಂತಲ್ಲ, ನಂಬರ್ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿದೆ. 19ನೇ ಶತಮಾನದಲ್ಲಿ ಲಾಕ್‌ನ ಭಾಗಗಳನ್ನು ಮೆತ್ತಗಿದ್ದಾಗ ಅರ ಹಾಕಿ, ಜೋಡಿಸಿ ನೋಡಿ, ಮತ್ತೆ ಬಿಚ್ಚಿ ಗಟ್ಟಿ ಮಾಡಲು ಕಳಿಸುತ್ತಿದ್ದರು. ಕುಲುಮೆಯಿಂದ ವಾಪಸ್ ಬಂದ ಮೇಲೆ ಅದೇ ತುಂಡುಗಳು ಅದೇ ಬಂದೂಕಿಗೆ ಹೋಗಬೇಕು. ಅದಕ್ಕೆ ಸಣ್ಣ ಗುರುತು ಹೊಡೆಯುತ್ತಿದ್ದರು. ಗುರುತು ಇದ್ದರೆ ಅರ್ಥ, ಭಾಗವನ್ನು ಭಾಗಕ್ಕೇ ಕೂರಿಸಿದ್ದಾರೆ.

ಉಳಿದರ್ಧ ಬೋಲ್ಟ್ ವಿಷಯ. ಅದಕ್ಕೆ ಆಮೇಲೆ ಬರುತ್ತೇನೆ, ಕೈ ತುಂಬ ಕೆಲಸ ಇದೆ.

ಓದುಗ_07

ಬ್ರಿಟನ್ ಯಾಕೆ ಹಿಂದೆ ಬಿತ್ತು? ಯಂತ್ರ ವಿದ್ಯೆಯಲ್ಲಿ ಅವರೇ ಮುಂದಿದ್ದರಲ್ಲ.

ಚರಿತ್ರೆಯ_ಹಾದಿ

ಅವರ ಕೈಕೆಲಸ ಅಷ್ಟು ಚೆನ್ನಾಗಿತ್ತು, ಅದೇ ಕಾರಣ. ಬರ್ಮಿಂಗ್‌ಹ್ಯಾಮ್‌ನಲ್ಲಿ ಒಬ್ಬ ಲಾಕ್ ಮಾಡುತ್ತಾನೆ, ಇನ್ನೊಬ್ಬ ಬ್ಯಾರೆಲ್, ಮತ್ತೊಬ್ಬ ಮರದ ಸ್ಟಾಕ್. ಕೊನೆಗೆ ಒಬ್ಬ ಎಲ್ಲವನ್ನೂ ಕೂರಿಸುತ್ತಾನೆ. ಅಷ್ಟು ನುರಿತ ಜನ ಇರುವಾಗ ಗೇಜ್‌ಗೆ ಯಾರು ಹಣ ಹಾಕುತ್ತಾರೆ?

1851 ರ ಲಂಡನ್ ಮಹಾ ಪ್ರದರ್ಶನದಲ್ಲಿ ಅಮೆರಿಕದ ರಾಬಿನ್ಸ್ ಆಂಡ್ ಲಾರೆನ್ಸ್ ಕಂಪನಿ ಭಾಗ ಅದಲುಬದಲಾಗುವ ಆರು ರೈಫಲ್ ಇಟ್ಟಿತ್ತು. ಬ್ರಿಟಿಷರು ಗಮನಿಸಿದರು. 1854 ರಲ್ಲಿ ಅವರ ಸಮಿತಿಯೊಂದು ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರಕ್ಕೆ ಹೋಯಿತು. ಅಲ್ಲಿ ಅವರು ಮಾಡಿದ ಪರೀಕ್ಷೆ ನನಗೆ ಬಹಳ ಇಷ್ಟ. 1844 ರಿಂದ 1853 ರವರೆಗೆ ವರ್ಷಕ್ಕೊಂದರಂತೆ ಹತ್ತು ಮಸ್ಕೆಟ್ ತಾವೇ ಆರಿಸಿಕೊಂಡರು. ತಮ್ಮ ಕಣ್ಣೆದುರೇ ಬಿಚ್ಚಿಸಿ ಭಾಗಗಳನ್ನು ಪೆಟ್ಟಿಗೆಗಳಲ್ಲಿ ಬೆರೆಸಿದರು. ಆಮೇಲೆ ಕೆಲಸಗಾರ ಬರೀ ಸ್ಕ್ರೂಡ್ರೈವರ್ ಹಿಡಿದು, ಕೈಗೆ ಕೊಟ್ಟ ಭಾಗಗಳಿಂದ ಹತ್ತನ್ನೂ ಜೋಡಿಸಿದ. ಅರ ಮುಟ್ಟಲಿಲ್ಲ. ಹತ್ತು ವರ್ಷದ ಅಂತರದಲ್ಲಿ ಗೇಜ್‌ಗಳು ಸವೆಯದಂತೆ ಕಾಪಾಡಿಕೊಂಡಿದ್ದರು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ?

ಅಲ್ಲಿಂದ ಮಿಷಿನ್ನುಗಳನ್ನು ಕೊಂಡು ಎನ್‌ಫೀಲ್ಡ್ ಕಾರ್ಖಾನೆಯನ್ನು ಹೊಸದಾಗಿ ಕಟ್ಟಿದರು. ಆದರೂ 1853 ಮಾದರಿಯ ಎನ್‌ಫೀಲ್ಡ್‌ಗಳಲ್ಲಿ ಎರಡು ಜಾತಿ ಉಳಿದವು. ಎನ್‌ಫೀಲ್ಡ್ ಕಾರ್ಖಾನೆ ಮತ್ತು ಲಂಡನ್ ಆರ್ಮರಿ ಕಂಪನಿಯಲ್ಲಿ ಮಿಷಿನ್ನಿನಿಂದ ಮಾಡಿದವು ಅದಲುಬದಲಾಗುತ್ತಿದ್ದವು. ಬರ್ಮಿಂಗ್‌ಹ್ಯಾಮ್‌ನವು ಆಗುತ್ತಿರಲಿಲ್ಲ. ಅಮೆರಿಕದ ಅಂತರ್ಯುದ್ಧಕ್ಕೆ ಲಕ್ಷಗಟ್ಟಲೆ ಹೋದವುಗಳಲ್ಲಿ ಈ ಎರಡನೇ ಜಾತಿಯವೇ ಜಾಸ್ತಿ. ಹೆಸರು ಒಂದೇ, ನೋಡಲು ಒಂದೇ, ಆದರೆ ಯುದ್ಧಭೂಮಿಯಲ್ಲಿ ಎರಡು ಮುರಿದ ಬಂದೂಕಿನಿಂದ ಒಂದನ್ನು ಸರಿಮಾಡಲು ಕೂತವನಿಗೆ ಅರ ಇಲ್ಲದೆ ಆಗುತ್ತಿರಲಿಲ್ಲ.

ನೀಲಿ_ಶಾಯಿ

ಗೇಜ್ ಕಥೆ ಯೋಹಾನ್ಸನ್ ಇಲ್ಲದೆ ಮುಗಿಯುವುದಿಲ್ಲ. ಕಾರ್ಲ್ ಎಡ್ವರ್ಡ್ ಯೋಹಾನ್ಸನ್ ಸ್ವೀಡನ್ನಿನ ಎಸ್ಕಿಲ್‌ಸ್ಟೂನಾದ ರೈಫಲ್ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸದಲ್ಲಿದ್ದ. ಸ್ವೀಡನ್ ತನ್ನದೇ ನೆಲದಲ್ಲಿ ಮೌಸರ್ ರೈಫಲ್ ಮಾಡಲು ಹೊರಟಾಗ ಜರ್ಮನಿಯ ಒಬರ್ನ್‌ಡಾರ್ಫ್‌ನ ಮೌಸರ್ ಕಾರ್ಖಾನೆಗೆ ಹೋಗಿ ಬಂದ. ಅಲ್ಲಿ ಪ್ರತಿ ಅಳತೆಗೂ ಒಂದೊಂದು ಗೇಜ್, ರಾಶಿ ರಾಶಿ. ಪ್ರತಿ ರೈಫಲ್ ಮಾದರಿಗೂ ಹೊಸ ರಾಶಿ.

1896 ರ ಹೊತ್ತಿಗೆ ಅವನಿಗೆ ಹೊಳೆದದ್ದು ಇದು: ಕೆಲವೇ ಉಕ್ಕಿನ ತುಂಡುಗಳನ್ನು ಬಹಳ ನಿಖರವಾಗಿ ಮಾಡಿಟ್ಟರೆ, ಅವನ್ನು ಒಂದರ ಮೇಲೊಂದು ಸೇರಿಸಿ ಬೇಕಾದ ಅಳತೆ ಕಟ್ಟಿಕೊಳ್ಳಬಹುದು. 102 ತುಂಡುಗಳ ಒಂದು ಪೆಟ್ಟಿಗೆಯಿಂದ 0.01 ಮಿ.ಮೀ. ಅಂತರದಲ್ಲಿ ಸುಮಾರು 20,000 ಅಳತೆ ಸಿಗುತ್ತದೆ.

ಈ ತುಂಡುಗಳನ್ನು ಕೈಯಲ್ಲಿ ಹಿಡಿದವರಿಗೆ ಗೊತ್ತು. ಎರಡನ್ನೂ ಚೆನ್ನಾಗಿ ಒರೆಸಬೇಕು. ಒಂದರ ಅಂಚನ್ನು ಇನ್ನೊಂದರ ಮೇಲಿಟ್ಟು, ಹಗುರವಾಗಿ ಒತ್ತಿ ಜಾರಿಸಬೇಕು. ಅರ್ಧ ಜಾರುವಷ್ಟರಲ್ಲಿ ಬಿಗಿಯಾಗುತ್ತದೆ. ಪೂರ್ತಿ ಜಾರಿದ ಮೇಲೆ ಮೇಲಿನದನ್ನು ಎತ್ತಿದರೆ ಕೆಳಗಿನದೂ ಜೊತೆಗೆ ಬರುತ್ತದೆ. ಅಯಸ್ಕಾಂತ ಇಲ್ಲ, ಅಂಟೂ ಇಲ್ಲ. ಮೇಲ್ಮೈ ಅಷ್ಟು ಚಪ್ಪಟೆ. ನಡುವೆ ಧೂಳಿನ ಒಂದು ಕಣ ಇದ್ದರೂ ಹಿಡಿಯುವುದಿಲ್ಲ. ಈ ಪೆಟ್ಟಿಗೆ ಬಂದ ಮೇಲೆ ಎರಡು ದೇಶದ ಎರಡು ಕಾರ್ಖಾನೆಗಳು ತಮ್ಮ ಗೇಜ್‌ಗಳನ್ನು ಒಂದೇ ಅಳತೆಯ ಎದುರು ಪರೀಕ್ಷಿಸಬಹುದಾಯಿತು. ಇದನ್ನು ರೈಫಲ್ ಕೊಟ್ಟ ಅತಿ ದೊಡ್ಡ ಕೊಡುಗೆ ಅಂತ ನಾನು ಭಾವಿಸುತ್ತೇನೆ.

ಬಿಡಿಭಾಗ_ಪ್ರಿಯ

ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಇನ್ನೊಂದು ಸಂದೇಹ. ಎಫ್‌ಎನ್ ಫಾಲ್ ರೈಫಲ್ ವಿಷಯದಲ್ಲಿ "ಇಂಚು" ಮತ್ತು "ಮೆಟ್ರಿಕ್" ಅಂತ ಎರಡು ಬಗೆ ಹೇಳುತ್ತಾರಲ್ಲ, ಅದೇನು? ಒಂದೇ ರೈಫಲ್ ತಾನೇ?

ತೋಟಾ_762

ಮೂಲ ಬೆಲ್ಜಿಯಂನದು, ಮಿ.ಮೀ. ಲೆಕ್ಕ. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ತಮ್ಮ ಕಾರ್ಖಾನೆಗಳಿಗಾಗಿ ಡ್ರಾಯಿಂಗ್‌ಗಳನ್ನು ಇಂಚಿಗೆ ಬದಲಿಸಿಕೊಂಡವು. ಬದಲಿಸುವಾಗ ಸುಮ್ನೆ ಅಂಕಿ ಬದಲಿಸಲಿಲ್ಲ, ಕೆಲವು ಭಾಗಗಳ ಆಕಾರವನ್ನೂ ತಮಗೆ ಬೇಕಾದಂತೆ ತಿದ್ದಿದವು. ಹಾಗಾಗಿ ಕೆಲವು ಭಾಗ ಎರಡಕ್ಕೂ ಆಗುತ್ತವೆ, ಕೆಲವು ಆಗುವುದಿಲ್ಲ.

ಮ್ಯಾಗಜೀನ್ ನೋಡಿದರೆ ತಕ್ಷಣ ಗೊತ್ತಾಗುತ್ತದೆ. ಮ್ಯಾಗಜೀನ್ ಒಳಗೆ ಹೋಗುವಾಗ ಮುಂಭಾಗದ ಕೊಕ್ಕೆ ಮೊದಲು ರಿಸೀವರ್‌ಗೆ ಸಿಕ್ಕಿ, ಆಮೇಲೆ ಹಿಂಭಾಗ ಮೇಲೆದ್ದು ಕೂರುತ್ತದೆ. ಇಂಚಿನದರಲ್ಲಿ ಆ ಕೊಕ್ಕೆ ಬೇರೆ ಲೋಹದ ತುಂಡನ್ನು ಬೆಸೆದು ಮಾಡಿದ ದಪ್ಪ ಗಟ್ಟಿ. ಮೆಟ್ರಿಕ್‌ನಲ್ಲಿ ತಗಡನ್ನೇ ಒತ್ತಿ ಎಬ್ಬಿಸಿದ ಸಣ್ಣ ಉಬ್ಬು. ಸಣ್ಣ ಉಬ್ಬಿನದು ಇಂಚಿನ ರೈಫಲ್‌ಗೆ ಸಾಮಾನ್ಯವಾಗಿ ಹೋಗುತ್ತದೆ, ಸ್ವಲ್ಪ ಅಲುಗಾಡುತ್ತದೆ. ದಪ್ಪ ಗಟ್ಟಿಯದು ಮೆಟ್ರಿಕ್ ರೈಫಲ್‌ಗೆ ಹೋಗುವುದಿಲ್ಲ. ಅಂದರೆ ಹೊಂದಾಣಿಕೆ ಒಂದು ಕಡೆಗೆ ಮಾತ್ರ.

ಮೈಕ್ರಾನ್

ಆಕಾರ ತಿದ್ದದೆ ಬರೀ ಅಂಕಿ ಬದಲಿಸಿದರೂ ಅಪಾಯ ಇದೆ, ಒಂದು ಉದಾಹರಣೆ ಕೊಡುತ್ತೇನೆ. ಡ್ರಾಯಿಂಗ್‌ನಲ್ಲಿ 0.125 ಇಂಚು, 0.001 ಹೆಚ್ಚು ಕಡಿಮೆ ಅಂತಿದೆ. ಮಿ.ಮೀ.ಗೆ ತಂದರೆ 3.175, ಅಂದರೆ 3.15 ರಿಂದ 3.20 ರ ಒಳಗೆ. ಯಾರೋ ಅಂದವಾಗಿ ಕಾಣಲಿ ಅಂತ 3.2, 0.03 ಹೆಚ್ಚು ಕಡಿಮೆ ಅಂತ ಬರೆದರು ಅನ್ನಿ. ಈಗ 3.23 ರ ಭಾಗವೂ ತಪಾಸಣೆಯಲ್ಲಿ ಪಾಸು. ಮೂಲ ಲೆಕ್ಕದಲ್ಲಿ ಅದು ಕಸದ ಬುಟ್ಟಿಗೆ ಹೋಗಬೇಕಿತ್ತು. ತಮ್ಮ ರೈಫಲ್‌ಗಳಲ್ಲಿ ಅದು ಚೆನ್ನಾಗಿಯೇ ನಡೆಯುತ್ತದೆ. ಹೊರಗಿನ ಭಾಗ ಬಂದಾಗ ಮಾತ್ರ ಸಿಕ್ಕಿಹಾಕಿಕೊಳ್ಳುತ್ತದೆ. "ಒಂದೇ ಡ್ರಾಯಿಂಗ್, ಬೇರೆ ಕಾರ್ಖಾನೆ" ಸಮಸ್ಯೆಯಲ್ಲಿ ಇಂಥ ದುಂಡು ಅಂಕಿಗಳ ಪಾಲು ದೊಡ್ಡದು.

ಸಿಎನ್‌ಸಿ_ಹುಡುಗ

ಈ 3.2 ಉದಾಹರಣೆ ನೋಡಿದ ಮೇಲೆ ಆಧಾರ, ಗೇಜ್ ಅಂತ ನೀವು ಒತ್ತಿ ಹೇಳಿದ್ದು ಸರಿಯಾಗಿ ಮನಸ್ಸಿಗೆ ಹತ್ತಿತು. ನೋಡಲು ಒಂದೇ ತರ ಇದ್ದೂ ಒಳಗೆ ಪೂರ್ತಿ ಬೇರೆ ಇರುವ ರೈಫಲ್ ಇವೆಯಾ?

ತೋಟಾ_762

ಜೆಕೊಸ್ಲೊವಾಕಿಯಾದ ವಿಝಡ್ 58. ದೂರದಿಂದ ಎಕೆ ಅಂತಲೇ ಅನ್ನಬೇಕು. ತೋಟಾ ಕೂಡ ಅದೇ, 7.62×39. ಆದರೆ ಒಳಗಿನ ಕೆಲಸದ ರೀತಿಯೇ ಬೇರೆ. ಎಕೆಯ ಮ್ಯಾಗಜೀನ್ ಕೂಡ ಅದಕ್ಕೆ ಹೋಗುವುದಿಲ್ಲ. ತೋಟಾ ಬಿಟ್ಟರೆ ಎರಡಕ್ಕೂ ಸಂಬಂಧವಿಲ್ಲ.

ಶೂಟಿಂಗ್_ರೇಂಜ್

ಈಗಿನ ಕಾಲದ ಉದಾಹರಣೆ ನಾನು ಕೊಡುತ್ತೇನೆ. ದುರ್ಬೀನು ಕೂರಿಸುವ ರೈಲು, ಅಂದರೆ ಬಂದೂಕಿನ ಮೇಲಿನ ಪಟ್ಟಿ. ಹಳೆಯದು ವೀವರ್, ಅದರ ಅಡ್ಡ ತೋಡಿನ ಅಗಲ 4.57 ಮಿ.ಮೀ. ಆಮೇಲೆ ಬಂದದ್ದು ಪಿಕಾಟಿನಿ, 1995 ರಲ್ಲಿ ಅಮೆರಿಕದ ಸೇನೆ ಇದನ್ನು ಲಿಖಿತ ಮಾನದಂಡ ಮಾಡಿತು. ತೋಡಿನ ಅಗಲ 5.23, ಒಂದು ತೋಡಿನ ನಡುವಿನಿಂದ ಮುಂದಿನದರ ನಡುವಿಗೆ 10.01 ಮಿ.ಮೀ. ವೀವರ್‌ನಲ್ಲಿ ತೋಡುಗಳ ಅಂತರಕ್ಕೆ ಒಂದೇ ನಿಯಮ ಇರಲಿಲ್ಲ. ಅದಕ್ಕೇ ವೀವರ್‌ಗೆ ಮಾಡಿದ ಕ್ಲಾಂಪ್ ಸಾಮಾನ್ಯವಾಗಿ ಪಿಕಾಟಿನಿ ಮೇಲೆ ಕೂರುತ್ತದೆ. ಪಿಕಾಟಿನಿಯದು ವೀವರ್ ಮೇಲೆ ಕೂರುತ್ತದೆ ಅಂತ ನಂಬಿಕೊಳ್ಳುವ ಹಾಗಿಲ್ಲ. ಅಗಲ ಮಾತ್ರ ಬರೆದರೆ ಸಾಲದು, ಅಂತರವನ್ನೂ ಬರೆಯಬೇಕು ಅನ್ನುವುದು ಇಲ್ಲಿ ಚೆನ್ನಾಗಿ ಕಾಣುತ್ತದೆ.

ಅಮೆರಿಕದ ಎಆರ್-15 ಜಾತಿಯ ರೈಫಲ್‌ಗಳಲ್ಲೂ ಇದೇ ಗೋಳು. ಹಿಂದಿನ ಸ್ಟಾಕ್ ಜಾರುವ ಕೊಳವೆ ಸೇನಾ ಅಳತೆಯದಾದರೆ ಹೊರವ್ಯಾಸ 1.148 ಇಂಚು, ವಾಣಿಜ್ಯ ಅಳತೆಯದಾದರೆ ಸುಮಾರು 1.168. ಒಂದಕ್ಕೆ ಮಾಡಿದ ಸ್ಟಾಕ್ ಇನ್ನೊಂದರಲ್ಲಿ ಸಡಿಲವಾಗುತ್ತದೆ, ಇಲ್ಲವೇ ಹೋಗುವುದೇ ಇಲ್ಲ.

ಒಂದು ಎಚ್ಚರಿಕೆ ಕೂಡ. ಕೂತಿತು ಅಂದರೆ ಸರಿಯಾಯಿತು ಅಂತಲ್ಲ. .223 ರೆಮಿಂಗ್ಟನ್ ಮತ್ತು 5.56 ನ್ಯಾಟೋ ತೋಟಾಗಳ ಹೊರ ಅಳತೆ ಹೆಚ್ಚುಕಡಿಮೆ ಒಂದೇ. ಆದರೆ 5.56 ಚೇಂಬರ್‌ನಲ್ಲಿ (ಬ್ಯಾರೆಲ್‌ನ ಹಿಂದೆ ತೋಟಾ ಕೂರುವ ಗೂಡಿನಲ್ಲಿ) ಗುಂಡು ಬ್ಯಾರೆಲ್‌ನ ಗೀರುಗಳನ್ನು ಮುಟ್ಟುವ ಮುಂಚಿನ ಜಾಗ ಉದ್ದ. .223 ಚೇಂಬರ್‌ನಲ್ಲಿ 5.56 ಹಾಕಿದರೆ ಸಲೀಸಾಗಿ ಹೋಗುತ್ತದೆ, ಒತ್ತಡ ಮಾತ್ರ ಮಿತಿ ಮೀರಬಹುದು. ಬ್ಯಾರೆಲ್ ಮೇಲೆ ಬರೆದಿರುವುದನ್ನೇ ನಂಬಿ.

ಹಳೇಫಿಟ್ಟರ್

ಈ ಕೊನೆಯ ಮಾತಿನಿಂದಲೇ ಬೋಲ್ಟ್ ನಂಬರ್‌ಗೆ ಬರೋಣ.

ತೋಟಾ ಚೇಂಬರ್‌ನಲ್ಲಿ ಮುಂದಕ್ಕೆ ಹೋಗದಂತೆ ತಾಗಿ ನಿಲ್ಲುವ ಜಾಗಕ್ಕೂ ಬೋಲ್ಟ್ ಮುಖಕ್ಕೂ ನಡುವೆ ಎಷ್ಟು ಜಾಗ ಇರಬೇಕು ಎನ್ನುವ ಲೆಕ್ಕವೇ ಹೆಡ್‌ಸ್ಪೇಸ್. ಜಾಗ ಕಡಿಮೆಯಾದರೆ ಬೋಲ್ಟ್ ಮುಚ್ಚುವುದಿಲ್ಲ. ಜಾಸ್ತಿಯಾದರೆ ಹೊಡೆದಾಗ ತೋಟಾದ ಹಿತ್ತಾಳೆ ಕವಚ ಹಿಂದಕ್ಕೆ ಎಳೆದುಕೊಂಡು ಹರಿಯಬಹುದು, ಬಿಸಿ ಗಾಳಿ ಹೊಡೆಯುವವನ ಮುಖದ ಕಡೆ ಬರುತ್ತದೆ. .303 ರಲ್ಲಿ ತೋಟಾದ ಅಂಚು ಬ್ಯಾರೆಲ್‌ನ ಹಿಂಭಾಗಕ್ಕೆ ತಾಗಿ ನಿಲ್ಲುತ್ತದೆ. ಅಲ್ಲಿಂದ ಬೋಲ್ಟ್ ಮುಖಕ್ಕೆ ಕನಿಷ್ಠ 0.064 ಇಂಚು, ಗರಿಷ್ಠ 0.074. ವ್ಯತ್ಯಾಸ 0.010 ಇಂಚು, ಅಂದರೆ ಕಾಲು ಮಿ.ಮೀ., ಅಷ್ಟೇ.

ಈ ಕಾಲು ಮಿ.ಮೀ. ಒಳಗೆ ಎಷ್ಟು ಭಾಗಗಳ ತಪ್ಪು ಸೇರುತ್ತದೆ ನೋಡಿ. ಬ್ಯಾರೆಲ್ ಎಷ್ಟು ತಿರುಗಿ ಕೂತಿತು, ರಿಸೀವರ್‌ನಲ್ಲಿ ಲಗ್ (ಬೋಲ್ಟ್ ಅನ್ನು ಬೀಗದಂತೆ ಹಿಡಿಯುವ ಉಬ್ಬು) ತಾಗುವ ಮುಖ ಎಲ್ಲಿದೆ, ಬೋಲ್ಟ್ ಲಗ್ ಎಲ್ಲಿದೆ, ಬೋಲ್ಟ್ ಎಷ್ಟುದ್ದ. ಮೈಕ್ರಾನ್ ಅವರು ಹೇಳಿದ ಸಾಲು ಇದೇ. ಎಲ್ಲ ಭಾಗವನ್ನೂ ಯಾವ ಜೋಡಿಯಾದರೂ ಸರಿಬರುವಷ್ಟು ಬಿಗಿ ಅಳತೆಯಲ್ಲಿ ಮಾಡುವುದು ಆಗ ದುಬಾರಿ. ಅದಕ್ಕೆ ಕೊನೆಯಲ್ಲಿ ಒಂದು ಕಡೆ ಕೈಯಿಂದ ಹೊಂದಿಸುತ್ತಿದ್ದರು. ಲಗ್‌ಗೆ ತೆಳುವಾಗಿ ಬ್ಲೂ, ಅಂದರೆ ಗುರುತಿನ ನೀಲಿ ಬಣ್ಣ, ಬಳಿದು ಬೋಲ್ಟ್ ಮುಚ್ಚಿ ತೆಗೆಯಬೇಕು. ಬಣ್ಣ ಎಲ್ಲಿ ಅಳಿಸಿದೆಯೋ ಅಲ್ಲಿ ಲೋಹ ಲೋಹಕ್ಕೆ ತಾಗಿದೆ. ಒಂದೇ ಲಗ್‌ನಲ್ಲಿ ಅಳಿಸಿದ್ದರೆ ಇಡೀ ಭಾರ ಅದೊಂದರ ಮೇಲೆ. ತಾಗುತ್ತಿರುವುದನ್ನು ಚೂರೇ ಚೂರು ಉಜ್ಜಿ, ಮತ್ತೆ ಬಣ್ಣ ಬಳಿದು, ಎರಡರಲ್ಲೂ ಸಮನಾಗಿ ಅಳಿಸುವ ತನಕ ನೋಡಬೇಕು. ಹೀಗೆ ಕೂರಿಸಿದ ಬೋಲ್ಟ್ ಆ ರಿಸೀವರ್‌ನದ್ದೇ. ಅದಕ್ಕೇ ನಂಬರ್.

ನಂಬರ್ 4 ಲೀ-ಎನ್‌ಫೀಲ್ಡ್‌ನಲ್ಲಿ ಇದಕ್ಕೆ ಚೆಂದದ ದಾರಿ ಹುಡುಕಿದರು. ಬೋಲ್ಟ್‌ನ ತಲೆ ಬೇರೆ ಭಾಗ, ತಿರುಪಿನಿಂದ ಸೇರುತ್ತದೆ. ಅದನ್ನು 0, 1, 2, 3 ಅಂತ ನಾಲ್ಕು ಉದ್ದದಲ್ಲಿ ಮಾಡಿ ಸಂಖ್ಯೆ ಹೊಡೆದರು. ಸಂಖ್ಯೆ ದೊಡ್ಡದಾದಷ್ಟೂ ತಲೆ ಉದ್ದ. ಸವೆದು ಜಾಗ ಜಾಸ್ತಿಯಾದರೆ ಮುಂದಿನ ಸಂಖ್ಯೆಯ ತಲೆ ಹಾಕಿ, ಗೇಜ್ ಹಿಡಿದು ನೋಡಬೇಕು. "ಹೋಗಬೇಕಾದ" ಗೇಜ್ ಮೇಲೆ ಬೋಲ್ಟ್ ಮುಚ್ಚಬೇಕು, "ಹೋಗಬಾರದ" ಗೇಜ್ ಮೇಲೆ ಮುಚ್ಚಬಾರದು. ಇದನ್ನು ಪೂರ್ತಿ ಅದಲುಬದಲು ಅನ್ನಲು ಬರುವುದಿಲ್ಲ, ಪೂರ್ತಿ ಕೈಕೆಲಸವೂ ಅಲ್ಲ. ಎಂಜಿನಿಯರಿಂಗ್‌ನಲ್ಲಿ ನನಗೆ ಬಹಳ ಮೆಚ್ಚುಗೆಯಾದ ಪರಿಹಾರಗಳಲ್ಲಿ ಇದೊಂದು.

ಓದುಗ_07

ಹಾಗಾದರೆ ಪೂರ್ತಿ ಅದಲುಬದಲು ಸಾಧಿಸಿದ ಒಳ್ಳೆಯ ಉದಾಹರಣೆ ಯಾವುದು?

ಚರಿತ್ರೆಯ_ಹಾದಿ

ನನ್ನ ಓಟು ಎರಡನೇ ಮಹಾಯುದ್ಧದ ಎಂ1 ಕಾರ್ಬೈನ್‌ಗೆ. 60 ಲಕ್ಷಕ್ಕೂ ಹೆಚ್ಚು ಮಾಡಿದರು. ವಿಂಚೆಸ್ಟರ್ ಬಿಟ್ಟರೆ ಮಾಡಿದವರಲ್ಲಿ ಹೆಚ್ಚಿನವರಿಗೆ ಬಂದೂಕಿನ ಅನುಭವವೇ ಇರಲಿಲ್ಲ. ಅಂಡರ್‌ವುಡ್ ಟೈಪ್‌ರೈಟರ್ ಕಂಪನಿ, ಐಬಿಎಂ, ಜೂಕ್‌ಬಾಕ್ಸ್ ಮಾಡುವ ರಾಕ್-ಓಲಾ, ಜನರಲ್ ಮೋಟರ್ಸ್‌ನ ಇನ್‌ಲ್ಯಾಂಡ್ ಮತ್ತು ಸ್ಯಾಗಿನಾ ವಿಭಾಗಗಳು. ಒಂದು ಕಡೆ ಭಾಗ ಕೊರತೆಯಾದರೆ ಇನ್ನೊಂದು ಕಡೆಯಿಂದ ಕಳಿಸುತ್ತಿದ್ದರು. ಅಂಡರ್‌ವುಡ್ ಬ್ಯಾರೆಲ್ ಬೇರೆ ಕಂಪನಿಯ ರಿಸೀವರ್ ಮೇಲೆ ಇರುವುದು ಸಾಮಾನ್ಯ. ಇದಕ್ಕಾಗಿ ಈ ಕಂಪನಿಗಳು ಸೇರಿ ಒಂದು ಸಮಿತಿಯನ್ನೇ ಮಾಡಿಕೊಂಡಿದ್ದವು. ಟೈಪ್‌ರೈಟರ್ ಮಾಡುವವರಿಗೆ ಸಾವಿರಾರು ಸಣ್ಣ ಭಾಗಗಳನ್ನು ಗೇಜ್‌ಗೆ ಮಾಡುವುದು ಮೊದಲೇ ಗೊತ್ತಿತ್ತು ಅನ್ನುವುದನ್ನು ಮರೆಯಬಾರದು.

ಶೂಟಿಂಗ್_ರೇಂಜ್

ಒಂದು ಭಿನ್ನಾಭಿಪ್ರಾಯ ದಾಖಲಿಸುತ್ತೇನೆ. ಗುರಿ ಸ್ಪರ್ಧೆಯ ರೈಫಲ್‌ಗಳಲ್ಲಿ ಇಂದಿಗೂ ಒಳ್ಳೆಯ ಗನ್‌ಸ್ಮಿತ್ ಕೈಯಿಂದಲೇ ಬೋಲ್ಟ್, ಬ್ಯಾರೆಲ್ ಹೊಂದಿಸುತ್ತಾನೆ. ಅದಲುಬದಲಿಗೆ ಆಟ ಬಿಡಬೇಕು, ಆಟ ಬಿಟ್ಟಷ್ಟೂ ಗುರಿ ಚದುರುತ್ತದೆ. ನನ್ನ ಸ್ಪರ್ಧೆಯ ರೈಫಲ್ ಭಾಗ ಬೇರೆಯದಕ್ಕೆ ಕೂರದಿದ್ದರೆ ನನಗೆ ಏನೂ ಬೇಸರವಿಲ್ಲ.

ಮೈಕ್ರಾನ್

ಆ ಮಾತು ಬ್ಯಾರೆಲ್, ಬೋಲ್ಟ್, ಬೆಡ್ಡಿಂಗ್‌ಗೆ (ರೈಫಲ್ ಸ್ಟಾಕ್‌ನಲ್ಲಿ ಕೂರುವ ಜಾಗಕ್ಕೆ) ಒಪ್ಪುತ್ತೇನೆ. ಆದರೆ ಅದೇ ರೈಫಲ್‌ನ ಸ್ಪ್ರಿಂಗು, ಪಿನ್ನು, ಮ್ಯಾಗಜೀನ್, ರೈಲು ಎಲ್ಲವೂ ಮಾನದಂಡದ್ದೇ ಆಗಿರಲಿ ಅಂತ ನೀವೂ ಬಯಸುತ್ತೀರಿ ಅಲ್ವಾ? ಯಾವ ಅಳತೆಯಲ್ಲಿ ಆಟ ಬೇಕು, ಯಾವುದರಲ್ಲಿ ಬೇಡ ಅಂತ ವಿನ್ಯಾಸ ಮಾಡುವವನೇ ಮೊದಲು ತೀರ್ಮಾನಿಸಬೇಕು. ಎಲ್ಲವನ್ನೂ ಬಿಗಿ ಮಾಡಿದರೆ ಒಂದು ಹಿಡಿ ಮಣ್ಣು ಬಿದ್ದರೆ ನಿಲ್ಲುವ ರೈಫಲ್ ಆಗುತ್ತದೆ.

ಶೂಟಿಂಗ್_ರೇಂಜ್

ಅದು ಸರಿ. ಸ್ಪ್ರಿಂಗು, ಪಿನ್ನು ಮಾನದಂಡದ್ದೇ ಇರಲಿ.

ಬಿಡಿಭಾಗ_ಪ್ರಿಯ

ಕೊನೆಯ ಪ್ರಶ್ನೆ ಹಳೇಫಿಟ್ಟರ್ ಸರ್‌ಗೆ. ಒಂದು ಸಂಗ್ರಹಾಲಯದಲ್ಲಿ ಹಳೇ ರೈಫಲ್‌ಗಳನ್ನು ಬಿಚ್ಚಿ ಒರೆಸಿ ಇಡುತ್ತಾರೆ ಅಂತಿಟ್ಟುಕೊಳ್ಳಿ. ಭಾಗಗಳು ಬೆರೆಯದಂತೆ ಏನು ಮಾಡಬೇಕು? ಬೆರೆತರೆ ಏನು ಗತಿ?

ಹಳೇಫಿಟ್ಟರ್

ಒಂದು ಸಲಕ್ಕೆ ಒಂದೇ ರೈಫಲ್ ಬಿಚ್ಚಬೇಕು. ಅದರ ಭಾಗಗಳಿಗೆ ಒಂದೇ ತಟ್ಟೆ, ತಟ್ಟೆಯ ಮೇಲೆ ರಿಸೀವರ್ ನಂಬರ್ ಬರೆದ ಚೀಟಿ. ಬೋಲ್ಟ್ ತಲೆ ಬಿಚ್ಚಿದರೆ ಅದರ ಸಂಖ್ಯೆಯನ್ನೂ ಅದೇ ಚೀಟಿಯಲ್ಲಿ ಬರೆಯಬೇಕು. ಹಳೆಯ ತಪಾಸಣೆ ಮುದ್ರೆ, ಗುರುತುಗಳನ್ನು ಉಜ್ಜಿ ಹೊಳಪು ಬರಿಸಬಾರದು. ಯಾವ ಭಾಗ ಎಲ್ಲಿಯದು ಅಂತ ಹೇಳುವುದು ಅವೇ. ಬಿಚ್ಚುವ ಮುಂಚೆ ಎರಡೂ ಕಡೆಯಿಂದ ಫೋಟೋ ತೆಗೆದಿಟ್ಟರೆ ಇನ್ನೂ ಒಳ್ಳೆಯದು.

ಬೆರೆತೇ ಹೋದರೆ, ನಂಬರ್ ಇರುವ ಭಾಗಗಳನ್ನು ಮೊದಲು ಅದರದರ ರಿಸೀವರ್‌ಗೆ ಸೇರಿಸಿ. ನಂಬರ್ ಇಲ್ಲದ ಸ್ಕ್ರೂಗಳನ್ನು ಬಲವಂತ ಮಾಡಿ ತಿರುಗಿಸಬೇಡಿ. ಬ್ರಿಟಿಷ್ ವಿಟ್‌ವರ್ತ್ ಸ್ಕ್ರೂವಿನ ಗರಿಯ, ಅಂದರೆ ತಿರುಪಿನ ಹಲ್ಲಿನ, ಕೋನ 55 ಡಿಗ್ರಿ, ಅಮೆರಿಕದ ಮತ್ತು ಮೆಟ್ರಿಕ್ ಸ್ಕ್ರೂಗಳದ್ದು 60. ತಪ್ಪು ಸ್ಕ್ರೂ ಒಂದೆರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯಾಗುತ್ತದೆ. ಅಲ್ಲೇ ನಿಲ್ಲಿಸಿ ಹಿಂದಕ್ಕೆ ತೆಗೆಯಿರಿ, ಇಲ್ಲದಿದ್ದರೆ ರಿಸೀವರ್‌ನ ಗರಿಯೇ ಹೋಗುತ್ತದೆ. ಬೋಲ್ಟ್ ಮತ್ತು ರಿಸೀವರ್ ನಂಬರ್ ಬೇರೆ ಬೇರೆ ಇದ್ದರೆ ಅದನ್ನು ನೋಡಲು ಇಡಬಹುದು. ಹೊಡೆಯುವ ಮಾತು ಬಂದರೆ ಲೈಸೆನ್ಸ್ ಇರುವ ಗನ್‌ಸ್ಮಿತ್ ಹೆಡ್‌ಸ್ಪೇಸ್ ಗೇಜ್ ಹಾಕಿ ನೋಡುವ ತನಕ ಅದರೊಳಗೆ ತೋಟಾ ಹೋಗಬಾರದು.